ಹಿಮ್ಮಡಿ ಹಳದಿ, ಡಬ್ಬಿ ಹಸಿರು

ನನ್ನ ಬಲಗಾಲಿನ ಹಿಮ್ಮಡಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಾರ್ವಜನಿಕ ಸನ್ಮಾನ ಆಯಿತು. ಸ್ಥಳ, ಹಾನಗಲ್ಲಿನ ಒಂದು ಕಲ್ಯಾಣ ಮಂಟಪ. ಸಂದರ್ಭ, ಉಚಿತ ಎಲುಬು ತಪಾಸಣಾ ಶಿಬಿರ. ಹಿಂದಿನ ದಿನವಷ್ಟೇ ಅಲ್ಲಿ ಯಾರದೋ ಅಕ್ಷತೆ ಬಿದ್ದಿತ್ತು, ಬಾಗಿಲ ಮಾವಿನ ತೋರಣ ಇನ್ನೂ ಹಸಿರಿತ್ತು. ವಧೂವರರ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಇಸ್ತ್ರಿ ಮಾಸದ ಅಂಗಿಯ ಹುಡುಗನೊಬ್ಬ ತಾನೇ ಬಗ್ಗಿ ನನ್ನ ಕಾಲುಚೀಲ ಕಳೆದ. ಹಿಮ್ಮಡಿಗೆ ತಣ್ಣನೆಯ ಲೋಳೆ ಸವರಿ, ತೂಕದ ಯಂತ್ರದ ತಮ್ಮನಂತಿದ್ದ ಪೆಟ್ಟಿಗೆಯೊಳಗೆ ಪಾದ ಇಡಿಸಿದ. ಅದು ಕುಂಯ್ ಎಂದು ಒಂದು ಚೀಟಿ ಉಗುಳಿತು. ಚೀಟಿಯ ಮೇಲೆ ಹಸಿರು, ಹಳದಿ, ಕೆಂಪು ಮೂರು ಪಟ್ಟಿ. ನಾನು ಹಳದಿ. ನನ್ನ ಮುಂದಿದ್ದ ನಿವೃತ್ತ ಹೆಡ್‌ಮಾಸ್ತರರು ಹಳದಿ, ಅವರ ಮನೆಯವರೂ ಹಳದಿ. ಅವರನ್ನು ಬೈಕಿನಲ್ಲಿ ಕರೆತಂದಿದ್ದ ಮೊಮ್ಮಗ, ಗರಡಿ ಮನೆಯಲ್ಲಿ ದಿನಾ ಬೆವರು ಸುರಿಸುವವ, ಚಾಷ್ಟಿಗೆಂದು ಕಾಲಿಟ್ಟ. ಅವನೂ ಹಳದಿ. ಕಾಮಾಲೆ ಆಗಿದ್ದದ್ದು ಯಂತ್ರಕ್ಕೇ ಇರಬೇಕು.

“ಕಾಕಾರ, ಹಳದಿ ಅಂದ್ರ ಏನಂತ ಗೊತ್ತಾತ್ರಿ?”

“ಅರಿಷಿಣ ಏನಪಾ?”

“ನಗಬ್ಯಾಡ್ರಿ. ಎಲುಬು ಒಳಗಿಂದೊಳಗ ಟೊಳ್ಳ ಆಗಾಕ ಹತ್ಯಾವ. ನಿಮಗ ವಿಟಮಿನ್ ಡಿ ಕಮ್ಮಿ ಐತ್ರಿ.”

“ರಕ್ತ ತಗೀಲಾರದ ಡಿ ಹೆಂಗ ಗೊತ್ತಾತು?”

“ನಮ್ಮದು ಜರ್ಮನ್ ಟೆಕ್ನಾಲಜಿ ಐತ್ರಿ.”

ಜರ್ಮನಿಯ ಹೆಸರು ಬಂದ ಮೇಲೆ ಹಾನಗಲ್ಲಿನವನು ಏನು ಮಾತಾಡಿಯಾನು? ಹಿಮ್ಮಡಿಗೆ ಶಬ್ದದ ಅಲೆ ಹಾಯಿಸಿ ನೋಡುವ ಯಂತ್ರ ನಿಜವಾಗಿಯೂ ಇದೆ. ಅದು ಜರಡಿ ಹಿಡಿಯಲಿಕ್ಕೆ. ಎಲುಬಿನ ಸಾಂದ್ರತೆಯ ಖಚಿತ ಲೆಕ್ಕ ಬೇಕೆಂದರೆ ಸೊಂಟ, ಬೆನ್ನೆಲುಬಿನ ಡೆಕ್ಸಾ ಸ್ಕ್ಯಾನ್ ಆಗಬೇಕು. ಡಿ ಎಷ್ಟಿದೆ ಎಂದು ಹೇಳುವುದು ಮಾತ್ರ ಈ ಎರಡು ಯಂತ್ರಗಳ ಅಪ್ಪನಿಂದಲೂ ಆಗದು, ಅದಕ್ಕೆ ರಕ್ತವೇ ಬೇಕು. ಇಷ್ಟೆಲ್ಲ ಗೊತ್ತಿದ್ದೂ ನಾನು 1,850 ರೂಪಾಯಿ ಕೊಟ್ಟು ಶಿಬಿರದವರು ಮಾರುತ್ತಿದ್ದ ಎಲುಬಿನ ಪುಡಿಯ ಡಬ್ಬಿ ಹೊತ್ತುಕೊಂಡೇ ಬಂದೆ. ಹೆಡ್‌ಮಾಸ್ತರರು ಎರಡು ತಗೊಂಡಿದ್ದರು, ಮರ್ಯಾದೆಯ ಪ್ರಶ್ನೆ.

ಡಬ್ಬಿ ಅಪ್ಪಟ ಹಸಿರು. ಮುಖಪುಟದಲ್ಲಿ ಒಬ್ಬ ಅಜ್ಜಿ ಒಂಟಿ ಕಾಲಲ್ಲಿ ನಿಂತು ನಗುತ್ತಾಳೆ. ‘21 ಸಸ್ಯಸಾರಗಳು’ ಎಂದು ಬಂಗಾರದ ಅಕ್ಷರ. ಪಟ್ಟಿ ಓದಲು ಹೋದರೆ ನಾಲಗೆಗೆ ಎಲುಬಿಲ್ಲದ್ದು ಒಳ್ಳೆಯದಾಯಿತು ಅನಿಸುತ್ತದೆ: ಜೆನಿಸ್ಟೀನ್, ಡೈಡ್ಝೀನ್, ಕ್ವೆರ್ಸೆಟಿನ್, ರೆಸ್ವೆರಟ್ರಾಲ್. ಬೆನ್ನ ಕಡೆ, ಬಾರ್‌ಕೋಡಿನ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಕಾನೂನು ಬರೆಸಿದ ಒಂದು ಮಾತು: ಔಷಧೀಯ ಬಳಕೆಗೆ ಅಲ್ಲ. ಮುಂದೆ ಅಜ್ಜಿ ಕುಣಿಯುತ್ತಾಳೆ, ಹಿಂದೆ ಕಂಪನಿ ಕೈ ತೊಳೆದುಕೊಳ್ಳುತ್ತದೆ.

ಕತೆ ಇಲ್ಲಿಗೇ ನಿಂತಿದ್ದರೆ ಗೆದ್ದವನು ನಾನು. ಮುಂದಿನ ವಾರ ಹಟಕ್ಕೆ ಬಿದ್ದು ರಕ್ತ ಕೊಟ್ಟು ನೋಡಿಸಿದರೆ ಡಿ ನಿಜಕ್ಕೂ 11 ಬಂತು! 20ರ ಕೆಳಗಿದ್ದರೆ ಕೊರತೆ ಎನ್ನುತ್ತಾರೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ಈ ದೇಶದಲ್ಲಿ ಯಾರ ಹಿಮ್ಮಡಿ ಹಿಡಿದು ‘ಡಿ ಕಮ್ಮಿ’ ಎಂದರೂ ಹೆಚ್ಚುಪಾಲು ನಿಜವೇ ಆಗುತ್ತದೆ, ಅಷ್ಟು ಜನರಿಗೆ ಇದೆ ಇದು. ಗಿಳಿಶಾಸ್ತ್ರದವನ ‘ನಿಮ್ಮ ಮನಸ್ಸಿನಲ್ಲಿ ಒಂದು ಚಿಂತೆ ಐತಿ’ ಎಂಬ ಮಾತಿನ ಹಾಗೆ.

ಬಿಸಿಲಿಗೆ ಬರಗಾಲವಿಲ್ಲದ ಊರಲ್ಲಿ ಬಿಸಿಲಿನ ಜೀವಸತ್ವಕ್ಕೆ ಬರ ಹೇಗೆ ಬಂತು ಅಂತೀರಾ? ಬೆಳಗಿನ ಐದೂವರೆಗೆ ಆನೆಕೆರೆಯ ಕಡೆ ಬನ್ನಿ. ನಮ್ಮ ವಾಕಿಂಗ್ ಬಳಗ ಅಲ್ಲಿರುತ್ತದೆ. ಮಂಕಿ ಟೋಪಿ, ಸ್ವೆಟರ್, ಕಾಲುಚೀಲ, ಬೂಟು. ಕಣ್ಣು ಮತ್ತು ಮೂಗಿನ ತುದಿ ಬಿಟ್ಟರೆ ಒಂದಂಗುಲ ಚರ್ಮವೂ ಸೂರ್ಯನಾರಾಯಣನ ಕೈಗೆ ಸಿಗದು. ಕತ್ತಲಲ್ಲಿ ಹೊರಟು, ಎಳೆ ಬಿಸಿಲಲ್ಲಿ ಎರಡು ನಿಮಿಷ ನಿಂತು, ‘ಇದರಾಗ ಡಿ ಇರತೈತಿ’ ಎಂದು ಎದೆ ಉಬ್ಬಿಸಿ ಉಸಿರೆಳೆದು ಮನೆ ಸೇರುತ್ತೇವೆ. ಡಿ ಉಸಿರಿನಲ್ಲಿ ಬರುವುದಲ್ಲ. ಚರ್ಮದೊಳಗಿನ ಒಂದು ಕೊಬ್ಬಿನಂಥ ವಸ್ತುವಿಗೆ ಬಿಸಿಲಿನ ಅತಿನೇರಳೆ ‘ಬಿ’ ಕಿರಣ ತಾಗಿದರೆ ಅದು ಡಿ3 ಆಗುತ್ತದೆ. ಎಳೆ ಬಿಸಿಲು ಅಡ್ಡಡ್ಡ ಬರುವಾಗ ಆ ಕಿರಣವನ್ನು ವಾತಾವರಣ ದಾರಿಯಲ್ಲೇ ನುಂಗಿಬಿಡುತ್ತದೆ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದರೆ ಕೆಲಸ ನಡೆದಿದೆ ಎಂದು ತಿಳಿಯಿರಿ, ಅಂದರೆ ಹತ್ತರ ಮೇಲೆ, ಮೂರರ ಒಳಗೆ. ಆ ಹೊತ್ತಿಗೆ ನಮ್ಮ ಬಳಗ ಫ್ಯಾನಿನ ಕೆಳಗೆ ಕೂತು ಮೊಬೈಲಿನಲ್ಲಿ ಎಲುಬಿನ ವಿಡಿಯೋ ಒಬ್ಬರಿಗೊಬ್ಬರು ಕಳಿಸುತ್ತಿರುತ್ತದೆ.

ಶಿಗ್ಗಾವಿ ಬಸ್ಸು ಹತ್ತಿದರೂ ಮೊದಲ ಪ್ರಶ್ನೆ ಅದೇ: ಬಿಸಿಲು ಯಾವ ಕಡೆ ಬೀಳತೈತಿ? ಆ ಕಡೆಯ ಸೀಟು ಕೊನೆತನಕ ಖಾಲಿ. ಯಾರಾದರೂ ತ್ಯಾಗಿ ಅಲ್ಲಿ ಕೂತು ಗಾಜು ಎಳೆದುಕೊಂಡರೂ ಪುಣ್ಯವಿಲ್ಲ, ಆ ಕಿರಣ ಗಾಜು ದಾಟುವುದಿಲ್ಲ. ಬೆವರು ಮಾತ್ರ ದಾಟಿ ಬರುತ್ತದೆ. ಇನ್ನು ಹೆಣ್ಣುಮಕ್ಕಳಿಗೆ ‘ಬಿಸಲಾಗ ಅಡ್ಡಾಡಬ್ಯಾಡ, ಕರ್ರಗಾಗ್ತಿ, ವರ ಸಿಗೂದಿಲ್ಲ’ ಎಂಬ ಆಜ್ಞೆ ಹುಟ್ಟಿನಿಂದ. ವರ ಸಿಕ್ಕ ಮೇಲೆ ಬಾಣಂತನಕ್ಕೆ ಕಿಟಕಿಯಿಲ್ಲದ ಕೋಣೆ. 1890ರಲ್ಲಿ ಥಿಯೊಬಾಲ್ಡ್ ಪಾಮ್ ಎಂಬ ಬ್ರಿಟಿಷ್ ಡಾಕ್ಟರ್ ಬೇರೆ ಬೇರೆ ದೇಶಗಳಿಂದ ಪತ್ರ ತರಿಸಿ ನೋಡಿ, ಮಕ್ಕಳ ಕಾಲು ಬಿಲ್ಲಿನಂತೆ ಬಾಗುವ ರಿಕೆಟ್ಸಿಗೆ ಬಿಸಿಲಿಲ್ಲದ್ದೇ ಕಾರಣ ಎಂದು ಬರೆದ. ಬಿಸಿಲಿದ್ದೂ ಅದಕ್ಕೆ ಬೆನ್ನು ತೋರಿಸಿ ಕೂರುವ ಜನ ಅವನ ಲೆಕ್ಕದಲ್ಲಿ ಇರಲಿಲ್ಲ.

ಡಬ್ಬಿಗೆ ಮರಳೋಣ. ಜೆನಿಸ್ಟೀನ್, ಡೈಡ್ಝೀನ್ ಎಂಬ ಈ ಜೋಡಿ ಬರುವುದು ಸೋಯಾಬೀನಿನಿಂದ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈಸ್ಟ್ರೊಜೆನ್ ಇಳಿದು ಎಲುಬು ಸವೆಯುತ್ತದೆ, ಸೋಯಾದ ಈ ವಸ್ತು ಈಸ್ಟ್ರೊಜೆನ್ನಿನ ವೇಷ ಹಾಕಬಲ್ಲದು, ಆದ್ದರಿಂದ ಎಲುಬು ಉಳಿದೀತು ಎಂಬ ಆಸೆ. ಆಸೆಯೇನೂ ತಪ್ಪಲ್ಲ. ಅಮೆರಿಕದ ಮಯಾಮಿಯಲ್ಲಿ 248 ಹೆಂಗಸರಲ್ಲಿ ಕೆಲವರಿಗೆ ದಿನಕ್ಕೆ 200 ಮಿಲಿಗ್ರಾಂನಂತೆ ಎರಡು ವರ್ಷ ಕೊಟ್ಟು, ಉಳಿದವರಿಗೆ ಕೊಡದೆ ನೋಡಿದರು. 2011ರಲ್ಲಿ ಬಂದ ಫಲಿತಾಂಶ, ಎಲುಬು ಉಳಿಯಲಿಲ್ಲ. ಐರೋಪ್ಯ ಆಹಾರ ಸುರಕ್ಷತಾ ಸಂಸ್ಥೆ 2012ರಲ್ಲಿ, ಸೋಯಾ ಐಸೊಫ್ಲೇವೋನಿಗೂ ಎಲುಬಿನ ಸಾಂದ್ರತೆಗೂ ನಂಟು ಸಾಬೀತಾಗಿಲ್ಲ ಎಂದು ಬಾಗಿಲು ಹಾಕಿತು. ಅದೇ ಕುಲದ, ಕಾರ್ಖಾನೆಯಲ್ಲಿ ಮಾಡಿದ ಐಪ್ರಿಫ್ಲೇವೋನ್ ಎಂಬುದರ ಗತಿ ಇನ್ನೂ ಕೆಟ್ಟದ್ದು: 2001ರ ಮೂರು ವರ್ಷದ ಪರೀಕ್ಷೆಯಲ್ಲಿ ಎಲುಬಿಗೆ ಲಾಭ ಸೊನ್ನೆ, ಕೆಲವರ ರಕ್ತದಲ್ಲಿ ರೋಗ ತಡೆಯುವ ಬಿಳಿ ಕಣಗಳೇ ಇಳಿದವು. ಅಲ್ಲಿ ಬಾಗಿಲು ಹಾಕಿದರೆ ಇಲ್ಲಿ ಕಲ್ಯಾಣ ಮಂಟಪದ ಬಾಗಿಲು ತೆರೆಯುತ್ತದೆ. ತಮಾಷೆ ಏನೆಂದರೆ ಸೋಯಾ ನಮ್ಮ ಹೊಲದ್ದೇ. ಸವಣೂರು, ಶಿಗ್ಗಾವಿಯ ಎರಿ ಹೊಲದಿಂದ ಚೀಲ ತುಂಬಿ ಹೋದದ್ದು ಎಣ್ಣೆ ಗಿರಣಿ ಸೇರಿ, ಹಿಂಡಿ ಕೋಳಿಯ ಬಾಯಿ ಸೇರಿ, ಉಳಿದ ಹೆಸರಷ್ಟೇ ಬಂಗಾರದ ಅಕ್ಷರದಲ್ಲಿ ನಮ್ಮ ಕೈಗೆ ಬರುತ್ತದೆ.

ಇಪ್ಪತ್ತೊಂದರ ಪೈಕಿ ನನಗೆ ಪರಿಚಯದ ಮುಖ ಒಂದೇ, ಮಂಗರಬಳ್ಳಿ. ನಾಲ್ಕು ಮೂಲೆಯ ಕಾಂಡ, ಗೆಣ್ಣುಗೆಣ್ಣಾಗಿ ಎಲುಬಿನ ಸರದಂತೆಯೇ ಕಾಣುವ ಬಳ್ಳಿ. ಎಣ್ಣೆಯಲ್ಲಿ ಬಾಡಿಸಿ ಹುಣಸೆಹಣ್ಣು ಹಾಕಿ ಚಟ್ನಿ ಮಾಡದಿದ್ದರೆ ಗಂಟಲು ಕೆರೆದು ಜೀವ ತೆಗೆಯುತ್ತದೆ. ಇದನ್ನು ನಗೆಯಾಡುವ ಮನಸ್ಸು ನನಗಿಲ್ಲ. ಉಡುಪಿ ಸೀಮೆಯಿಂದ ಹೋಗಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ದೊಡ್ಡ ಸರ್ಜನ್ ಆದ ಕೆ.ಎನ್. ಉಡುಪರು 1960ರ ದಶಕದಲ್ಲೇ ಈ ಬಳ್ಳಿಯನ್ನು ಪ್ರಾಣಿಗಳ ಮುರಿದ ಎಲುಬಿನ ಮೇಲೆ, ವಿಕಿರಣದ ಗುರುತು ಹಾಕಿದ ಕ್ಯಾಲ್ಸಿಯಂ ಬಳಸಿ ಪರೀಕ್ಷಿಸಿ ಪ್ರಕಟಿಸಿದ್ದರು. ಎಲುಬು ಬೇಗ ಕೂಡುತ್ತದೆಂಬ ಸೂಚನೆ ಅವರಿಗೆ ಸಿಕ್ಕಿತ್ತು. ಮುರಿದ ಎಲುಬು ಕೂಡುವುದು ಒಂದು ಮಾತು, ಡಿ ಇಲ್ಲದ ದೇಹದಲ್ಲಿ ಎಲುಬು ಗಟ್ಟಿಯಾಗುವುದು ಬೇರೆ ಮಾತು. ಸಿಮೆಂಟೇ ಬಾರದ ಕಟ್ಟಡಕ್ಕೆ ಎಂಥ ಮೇಸ್ತ್ರಿಯನ್ನು ಕರೆದರೇನು? ಹಿತ್ತಲ ಗಿಡ ಮದ್ದಲ್ಲ ಎಂದು ಅಜ್ಜಂದಿರು ಹಲುಬುತ್ತಿದ್ದರು. ಅದೇ ಗಿಡ ಡಬ್ಬಿಯೊಳಗೆ ಚಿಟಿಕೆಯಷ್ಟು ಹೊಕ್ಕು ಬಂದರೆ ಮದ್ದಲ್ಲ ಎನ್ನುವ ಧೈರ್ಯ ಯಾರಿಗೂ ಇಲ್ಲ.

‘ಶುದ್ಧ ಸಸ್ಯಜನ್ಯ ಡಿ’ ಎಂಬ ಮಾತೂ ಡಬ್ಬಿಯ ಮೇಲಿತ್ತು. ಡಿ3ಯ ಬಲವಾದ, ಹಾರ್ಮೋನಾಗಿ ಕೆಲಸ ಮಾಡುವ ರೂಪವನ್ನೇ ಹೊತ್ತ ಗಿಡಗಳು ಜಗತ್ತಿನಲ್ಲಿ ಇವೆ. ಅರ್ಜೆಂಟೀನಾದಲ್ಲಿ ಬದನೆಯ ದಾಯಾದಿಯೊಂದನ್ನು ಮೇದ ದನಗಳು ಬಡಕಲಾಗಿ, ಹೃದಯದ ರಕ್ತನಾಳಕ್ಕೇ ಸುಣ್ಣ ಕಟ್ಟಿ ಸಾಯುತ್ತವೆ. ನಮ್ಮ ರಾತ್ರಿರಾಣಿಯ ತಂಗಿ, ಹಗಲು ಅರಳುವ ಸೆಸ್ಟ್ರಮ್ ಗಿಡದಿಂದ ಅಮೆರಿಕದ ಫ್ಲಾರಿಡಾದಲ್ಲಿ ಕುದುರೆಗಳಿಗೂ ಅದೇ ಗತಿಯಾಗಿತ್ತು. ಆದರೆ ಮಾತ್ರೆಗಳಲ್ಲಿ ಬರುವ ಡಿ3 ಗಿಡದ್ದಲ್ಲ, ಬಹುಪಾಲು ಕುರಿಯ ಕೃಪೆ. ಉಣ್ಣೆ ತೊಳೆದಾಗ ಬರುವ ಜಿಡ್ಡನ್ನು ಸೋಸಿ, ಕಾರ್ಖಾನೆಯಲ್ಲಿ ಅತಿನೇರಳೆ ದೀಪದಡಿ ಕಾಯಿಸಿ ಮಾಡುತ್ತಾರೆ. ಕನಕದಾಸರ ಬಾಡ ನಮ್ಮ ಶಿಗ್ಗಾವಿ ತಾಲ್ಲೂಕಿನಲ್ಲೇ ಇದೆ, ಕುರಿ ಹಿಂಡಿಗೆ ಈ ಸೀಮೆಯಲ್ಲಿ ಎಂದೂ ಕೊರತೆಯಿಲ್ಲ. ನಡುಮಧ್ಯಾಹ್ನ ನಾವು ನೆರಳಿಗೆ ಓಡುತ್ತೇವೆ, ಕುರಿಯ ಜಿಡ್ಡಿಗೆ ಮಾತ್ರ ದುಡ್ಡು ಕೊಟ್ಟು ದೀಪದ ಬಿಸಿಲು ಕಾಯಿಸಿ ಕುಡಿಯುತ್ತೇವೆ. ಶಾಕಾಹಾರದ ನೇಮ ಬಿಡದವರಿಗೆ ಕಲ್ಲುಹೂವಿನ ಜಾತಿಯಿಂದ ತೆಗೆದದ್ದೂ ಬಂದಿದೆ, ಬೆಲೆ ಕೇಳಿ ಬಿಸಿಲಿಲ್ಲದೆಯೂ ತಲೆ ತಿರುಗುತ್ತದೆ.

ಡಾಕ್ಟರು ನನಗೆ ಬರೆದದ್ದು 60,000 ಯೂನಿಟ್ಟಿನ ಪುಡಿ, ವಾರಕ್ಕೊಂದು, ಎಂಟು ವಾರ. ಅರವತ್ತು ಸಾವಿರ ಎಂದು ಕೇಳಿ ಎದೆ ಝಲ್ಲೆಂದಿತ್ತು. ತೂಕ ಹಾಕಿದರೆ ಅದು ಒಂದೂವರೆ ಮಿಲಿಗ್ರಾಂ. ಪಕ್ಕದ ಓಣಿಯ ಒಬ್ಬರು ‘ವಾರಕ್ಕೊಂದು ಯಾವಾಗ ಮುಗೀಬೇಕು’ ಎಂದು ದಿನಕ್ಕೊಂದರಂತೆ ಎರಡು ತಿಂಗಳು ನುಂಗಿ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ ಮಾಡಿಕೊಂಡು ಹುಬ್ಬಳ್ಳಿ ಕಂಡು ಬಂದರು. ಈಗ ಯಾರಾದರೂ ‘ಡಿ’ ಎಂದರೆ ಕೈ ಮುಗಿಯುತ್ತಾರೆ.

ಡಬ್ಬಿಯವರು ಎಂದೂ ಅಚ್ಚು ಹಾಕದ ಒಂದು ಸಸ್ಯವಸ್ತುವಿದೆ. ನಮ್ಮ ಎಲುಬಿನ ಜೊತೆ ದಿನಕ್ಕೆ ಎರಡು ಹೊತ್ತು ವ್ಯವಹಾರ ಮಾಡುವುದು ಅದೊಂದೇ. ಹೆಸರು ಫೈಟೇಟ್. ಜೋಳ, ಗೋವಿನಜೋಳ, ಗೋಧಿ, ಬೇಳೆ, ಕಾಳು, ಎಲ್ಲ ಬೀಜಗಳೂ ಮುಂದಿನ ಮೊಳಕೆಗಾಗಿ ರಂಜಕವನ್ನು ಈ ರೂಪದಲ್ಲಿ ಕೂಡಿಟ್ಟಿರುತ್ತವೆ. ಬ್ಯಾಡಗಿ ಮೆಣಸಿನಕಾಯಿ ಪೇಟೆಗೆ ಹೋದವರು ದಲ್ಲಾಳಿಯನ್ನು ಕಂಡಿರುತ್ತೀರಿ. ಗಾಡಿ ಒಳಗೆ ಬರುವ ಮೊದಲೇ ಚೀಲಕ್ಕೆ ಕೈ ಹಾಕಿ ನಿಂತಿರುತ್ತಾನೆ. ಕರುಳಿನ ಪೇಟೆಯಲ್ಲಿ ಫೈಟೇಟಿನದು ಅದೇ ಕಸುಬು. ಕ್ಯಾಲ್ಸಿಯಂ, ಕಬ್ಬಿಣ, ಸತು, ಯಾವುದು ಬಂದರೂ ಕೈ ಹಿಡಿದು ಹೊರಬಾಗಿಲಿಗೆ ಎಳೆದುಕೊಂಡು ಹೋಗುತ್ತದೆ. ಎಡ್ವರ್ಡ್ ಮೆಲನ್‌ಬಿ ಎಂಬ ಇಂಗ್ಲಿಷ್ ವಿಜ್ಞಾನಿ 1919ರ ಸುಮಾರಿಗೆ ನಾಯಿಮರಿಗಳನ್ನು ಕೋಣೆಯೊಳಗಿಟ್ಟು ಓಟ್ಸ್ ಗಂಜಿ ಉಣ್ಣಿಸಿ ಕಾಲು ಸೊಟ್ಟಗಾಗುವುದನ್ನು ನೋಡಿದ, ಮೀನೆಣ್ಣೆ ಕೊಟ್ಟು ನೆಟ್ಟಗಾಗುವುದನ್ನೂ ನೋಡಿದ. ಗಂಜಿಯೊಳಗಿನ ಆ ಕಳ್ಳ ಫೈಟೇಟ್ ಎಂಬುದು ಅವನಿಗೂ ಆಮೇಲೆ ತಿಳಿದದ್ದು. ಎರಡನೇ ಮಹಾಯುದ್ಧದಲ್ಲಿ ತವುಡಿನ ಬ್ರೆಡ್ಡು ತಿನ್ನುವ ಪಾಳಿ ಬಂದಾಗ ಬ್ರಿಟಿಷರು ಹಿಟ್ಟಿಗೆ ಸೀಮೆಸುಣ್ಣ ಬೆರೆಸಿದರು. ಇವತ್ತಿಗೂ ಬೆರೆಸುತ್ತಾರೆ, ಕಾನೂನೇ ಇದೆ.

ನಮ್ಮ ಕಡೆಯ ಕತೆ ತಿರುಪತಿ ಸೀಮೆಯಿಂದ ಬಂತು. ಡಾಕ್ಟರ್ ಸಿ.ವಿ. ಹರಿನಾರಾಯಣ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ. ಹಳ್ಳಿಯಲ್ಲಿ ಬಿಸಿಲಲ್ಲಿ ದುಡಿಯುವವರ ರಕ್ತದಲ್ಲೂ ಡಿ ಕಡಿಮೆ, ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ, ಫೈಟೇಟ್ ಜಾಸ್ತಿ. ಕ್ಯಾಲ್ಸಿಯಂ ಸಿಗದಿದ್ದರೆ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳು ಗಾಬರಿಬಿದ್ದು ಕೆಲಸಕ್ಕಿಳಿಯುತ್ತವೆ, ಆ ಗದ್ದಲದಲ್ಲಿ ಇದ್ದಷ್ಟು ಡಿ ಕೂಡ ಬೇಗ ಖರ್ಚಾಗುತ್ತದೆ, ಬಾಕಿಯನ್ನು ಎಲುಬಿನಿಂದ ವಸೂಲಿ ಮಾಡುತ್ತವೆ. ಫೈನಾನ್ಸಿನವರು ಬೈಕು ಎಳೆದೊಯ್ದಂತೆ.

ಇದನ್ನು ಓದಿ ಯಾರೂ ರೊಟ್ಟಿಯ ಮೇಲೆ ಕೇಸು ಹಾಕಬೇಡಿ. ಜೋಳದ ರೊಟ್ಟಿ ಎಂದೂ ಒಂಟಿಯಾಗಿ ಬಂದದ್ದಲ್ಲ. ಅದರ ಪಕ್ಕ ಎಳ್ಳಿನ ಹಿಂಡಿ, ಗುರೆಳ್ಳ ಹಿಂಡಿ, ನುಗ್ಗಿ ತಪ್ಪಲ ಪಲ್ಯ, ಮೊಳಕೆ ಬಂದ ಮಡಿಕಿಕಾಳು, ಕಡೆಗೊಂದು ಲೋಟ ಮಜ್ಜಿಗೆ ಇರುತ್ತಿದ್ದವು. ನೆನೆಸಿ ಮೊಳಕೆ ತರಿಸಿದರೆ, ಹುಳಿ ಬರಿಸಿದರೆ ಫೈಟೇಟಿನ ಹಿಡಿತ ಸಡಿಲುತ್ತದೆ. ಸಿಪ್ಪೆ ತೆಗೆಯದ ಎಳ್ಳು ನೂರು ಗ್ರಾಮಿಗೆ 1,200 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಹೊತ್ತಿದೆ. ಜೋಳದಲ್ಲಿ ಇರುವುದು ಇಪ್ಪತ್ತೈದರ ಆಜುಬಾಜು. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 1,000. ಈಗ ತಾಟಿನಲ್ಲಿ ರೊಟ್ಟಿ ಉಳಿದಿದೆ, ಪಕ್ಕದವರು ಊರು ಬಿಟ್ಟಿದ್ದಾರೆ. ಎಳ್ಳಿನ ಹೊಲಕ್ಕೆ ಗೋವಿನಜೋಳ ಬಂತು. ಹಾಲು ಬೆಳಗಾಗುವುದರೊಳಗೆ ಡೈರಿಗೆ ಹೋಗುತ್ತದೆ, ಮನೆಯಲ್ಲಿ ಉಳಿಯುವುದು ಚಾ ಬೆಳ್ಳಗಾಗುವಷ್ಟು.

ಸವಣೂರಿನವರ ಬಳಿ ಇನ್ನೊಂದು ಉಪಾಯವಿತ್ತು. ಊರಿಗೆ ಹೆಸರು ತಂದ ವೀಳ್ಯದೆಲೆ, ಅದಕ್ಕೆ ಬೆರಳಂಚಿನಷ್ಟು ಸುಣ್ಣ. ಬ್ರಿಟಿಷರು ಬ್ರೆಡ್ಡಿಗೆ ಬೆರೆಸಿದ್ದಕ್ಕೆ ಹತ್ತಿರದ ನೆಂಟ. ಊರೆಲ್ಲ ಸಾರೋಣ ಎಂದರೆ ನಡುವೆ ಅಡಿಕೆ ಕೂತಿದೆ. ಅದು ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಘಟಕ 2004ರಲ್ಲೇ ಮೊದಲ ಪಟ್ಟಿಗೆ ಸೇರಿಸಿದೆ. ಅದೇ ಊರಿನ ಮಠದ ಮೂರು ದೊಡ್ಡಹುಣಸೆ ಮರಗಳು ಆಫ್ರಿಕಾದ ಬಾವೊಬಾಬ್. ಆ ಕಾಯಿಯ ಪುಡಿಯನ್ನು 2008ರಲ್ಲಿ ಐರೋಪ್ಯ ಒಕ್ಕೂಟ ಹೊಸ ಆಹಾರವೆಂದು ಒಪ್ಪಿದ ಮೇಲೆ ಸೂಪರ್‌ಫುಡ್ ಎಂಬ ಪದವಿ ಸಿಕ್ಕಿದೆ. ಸವಣೂರಿನ ಯಾರಾದರೂ ಮಠದ ಮರದ ನೆರಳಲ್ಲಿ ನಿಂತೇ ಅದರ ಪುಡಿಯನ್ನು ವಿದೇಶದಿಂದ ಕೊರಿಯರ್‌ನಲ್ಲಿ ತರಿಸಿಕೊಂಡಾರು, ನೋಡುತ್ತಿರಿ. 2023ರ ಮಳೆಗಾಲದಲ್ಲಿ ಆ ಮೂರರಲ್ಲೊಂದು ಉರುಳಿದಾಗ ಯಂತ್ರ ತರಿಸಿ ಎತ್ತಿ ನಿಲ್ಲಿಸಿದರು. ಬಿದ್ದ ಮುದುಕಿಗೆ ಆ ಭಾಗ್ಯವಿಲ್ಲ, ಅವಳನ್ನು ಮೊದಲು ‘ನೋಡ್ಕೊಂಡು ನಡೀಬಾರದೇನಬೇ’ ಎಂದು ಬೈಯಬೇಕಲ್ಲ.

ಬಿದ್ದ ಮುದುಕಿ ಎಂದೆನಲ್ಲ, ನಮ್ಮ ಚಿಗವ್ವ. ಹಿರೇಕೆರೂರು ತಾಲ್ಲೂಕಿನ ಹಳ್ಳಿ. ಬಚ್ಚಲಲ್ಲಿ ಕಾಲು ಜಾರಿ ಮುಂಗೈ ಮುರಿದು, ಕೂಡಿದ ಕೈಯನ್ನೇ ಊರಿಕೊಂಡು ಮತ್ತೆ ಹೊಲಕ್ಕೆ ಹೋಗುವ ಜೀವ. ನಾನು ತಿನ್ನಲಾರದ ಡಬ್ಬಿಯನ್ನು ಪುಣ್ಯ ಕಟ್ಟಿಕೊಳ್ಳಲು ಅವಳಿಗೆ ಕೊಟ್ಟು ಬರೋಣವೆಂದು ಹೋದೆ. ಗೋವಿನಜೋಳದ ಸಾಲಿನಿಂದ ಅವಳು ಹೊರಬಂದಾಗ ಗುರುತೇ ಸಿಗಲಿಲ್ಲ. ಸೀರೆಯ ಮೇಲೆ ತೀರಿಕೊಂಡ ಚಿಗಪ್ಪನ ತುಂಬುತೋಳಿನ ಅಂಗಿ, ತಲೆಗೆ ಟವೆಲ್ಲು, ಅದರ ಸೆರಗು ಮೂಗಿನ ಮೇಲೆ. ಗೋವಿನಜೋಳದ ಗರಿ ಮೈ ಕೊಯ್ಯುತ್ತದೆ, ಹಾಗಾಗಿ. ದಿನಕ್ಕೆ ಎಂಟು ತಾಸು ಬಿಸಿಲಲ್ಲಿ ನಿಂತರೂ ಬಿಸಿಲು ಕಂಡದ್ದು ಹತ್ತು ಬೆರಳು, ಎರಡು ಕಣ್ಣು.

“ಈ ಜೋಳ ಎಲ್ಲಿಗೆ ಹೋಕ್ಕೈತಿ ಚಿಗವ್ವಾ?”

“ಕೋಳಿಗಪಾ. ಮತ್ತ ಮಂದಿ ತಿಂತಾರೇನು ಇದನ್ನ?”

ಮೆಕ್ಸಿಕೋದಲ್ಲಿ ಮಂದಿಯೇ ತಿನ್ನುತ್ತಾರೆ, ಸುಣ್ಣದ ನೀರಲ್ಲಿ ಬೇಯಿಸಿ ರೊಟ್ಟಿ ಮಾಡುತ್ತಾರೆ, ಕ್ಯಾಲ್ಸಿಯಮ್ಮೂ ಸೇರುತ್ತದೆ. ಅದನ್ನು ಹೇಳಲು ಹೋಗಲಿಲ್ಲ. ಕೋಳಿಯ ಸಂಗತಿ ಹೇಳಿದೆ. ಮೊಟ್ಟೆ ಕೋಳಿಯ ಶೆಡ್ಡಿಗೆ ಬಿಸಿಲು ಬರುವುದಿಲ್ಲವೆಂದು ಮೇವಿಗೆ ಡಿ3 ಬೆರೆಸುತ್ತಾರೆ. ಒಂದು ಮೊಟ್ಟೆಯ ಸಿಪ್ಪೆಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಬೇಕು, ಅದಕ್ಕೆ ಸುಣ್ಣಕಲ್ಲಿನ ಹರಳು ಅಳೆದು ಹಾಕುತ್ತಾರೆ. ಧಾನ್ಯದ ಫೈಟೇಟನ್ನು ಒಡೆಯಲಿಕ್ಕೂ ಒಂದು ಕಿಣ್ವ ಸೇರಿಸುತ್ತಾರೆ. ಲೆಕ್ಕ ತಪ್ಪಿದರೆ ಮೊಟ್ಟೆಯ ಸಿಪ್ಪೆ ತೆಳ್ಳಗಾಗಿ ವ್ಯಾಪಾರಿ ವಾಪಸ್ ಕಳಿಸುತ್ತಾನೆ.

ಚಿಗವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. “ಅಂದ್ರ ಹೋದ ಜನ್ಮದಾಗ ಪುಣ್ಯ ಮಾಡಿದ್ರ ಕೋಳಿ ಆಗಿ ಹುಟ್ಟಬೇಕನ್ನು.”

ಡಬ್ಬಿ ಕೊಟ್ಟೆ. ಮುಚ್ಚಳ ತೆಗೆದು ಮೂಸಿ ನೋಡಿದಳು. “ಬೂಸಾದ ನಾತ ಐತಲ್ಲೋ ತಮ್ಮಾ. ಎಷ್ಟು ಕೊಟ್ಟಿ?” ನೂರಾ ಎಂಬತ್ತು ಎಂದು ಸುಳ್ಳು ಹೇಳಿದೆ. ಅದಕ್ಕೂ ಅವಳು ಒಂದು ನಿಮಿಷ ನನ್ನ ಮುಖ ನೋಡಿದಳು. ಒಂದು ಹಿಡಿ ಪುಡಿಯನ್ನು ಎಮ್ಮೆಯ ಹಿಂಡಿಗೆ ಕಲಸಿ ಮುಂದಿಟ್ಟಳು. ಎಮ್ಮೆ ಮೂಸಿತು, ಉಸ್ಸೆಂದು ಉಸಿರು ಬಿಟ್ಟು ಆಚೆ ಹೊಳ್ಳಿ ನಿಂತಿತು. ಉಳಿದ ಪುಡಿ ತಿಪ್ಪೆಗೆ ಹೋಯಿತು.

ಡಬ್ಬಿ ಮಾತ್ರ ಅವಳಿಗೆ ಮನಸ್ಸಿಗೆ ಬಂದಿತ್ತು, ಮುಚ್ಚಳ ಬಿಗಿಯಿದೆಯಂತೆ, ಹಿಂಡಿ ಹಾಕಿಡಲು ಆಗುತ್ತದಂತೆ. ಬೂದಿ ಹಚ್ಚಿ ತಿಕ್ಕಿ ತೊಳೆದಳು. ಹೊತ್ತು ನೆತ್ತಿಗೆ ಬಂದಿತ್ತು. ಅಂಗಳದಲ್ಲಿ ಒಣಹಾಕಿದ್ದ ಸಂಡಿಗೆಯ ಪಕ್ಕ ಅದನ್ನು ಬೋರಲು ಇಟ್ಟು, “ಒಳಗ ಬಾ, ಬಿಸಲು ಭಾಳ ಐತಿ” ಎಂದು ನನ್ನನ್ನು ಕೈಹಿಡಿದು ಕರೆದೊಯ್ದಳು. ಫ್ಯಾನಿನ ಕೆಳಗೆ ಕೂತು ಬರೀ ರೊಟ್ಟಿ, ಖಾರ ತಿಂದೆವು. ಕಿಟಕಿಯಿಂದ ಕಾಣುತ್ತಿತ್ತು: ಒಂಟಿ ಕಾಲಿನ ಅಜ್ಜಿ ತಲೆಕೆಳಗಾಗಿ ನಿಂತು, ನಡುಮಧ್ಯಾಹ್ನದ ಬಿಸಿಲಿಗೆ ಮುಖವೊಡ್ಡಿ ನಗುತ್ತಿದ್ದಳು.